ಎರಡು ಸಲ ತಟ್ಟಿದರೆ

ಅಂತ್ವಿಯ ಬಲಭುಜ ಸವೆದಿದೆ ಎಂದರು ಕುಮಾಸಿಯ ದೊಡ್ಡಾಸ್ಪತ್ರೆಯಲ್ಲಿ.
ಸವೆಯದೆ ಏನು ಮಾಡೀತು,
ಇಪ್ಪತ್ತಾರು ವರ್ಷ ನನ್ನೆದುರು ಸಮ್ಮಟಿಗೆ ಎತ್ತಿದ ಭುಜ.
ಎಕ್ಸ್-ರೇ ಹಾಳೆಯನ್ನು ಬಿಸಿಲಿಗೆ ಹಿಡಿದು
"ಬೇರಿಂಗ್ ಹೋಗಿದೆ, ನೋಡು" ಎಂದು ನಕ್ಕ.
ನಾನು ನಗಲಿಲ್ಲ. ಗುಜರಿ ಸಾಲಿನ ಕಡೆ ಹೊರಟೆ.

ಸುವಾಮೆಯಲ್ಲಿ ಕೇಳಿದರೆ ಏನು ಸಿಗುವುದಿಲ್ಲ?
ಸತ್ತ ಲಾರಿಗಳ ಕರುಳು, ಹಲ್ಲು, ಮೊಣಕಾಲು
ರಾಶಿ ಬಿದ್ದಿರುತ್ತವೆ ಕೆಂಪು ಮಣ್ಣಿನಲ್ಲಿ.
ಟ್ಯಾಕ್ಸಿಯ ಸ್ಟೆಪ್ನಿ ಒಂದು,
ಸಿಮೆಂಟ್ ಲಾರಿಯ ಆಕ್ಸಲ್ ತುಂಡು,
ಸ್ಪ್ರಿಂಗ್ ಪಟ್ಟಿ ಮೂರು; ಬಿರುಕು ಬಿಟ್ಟದ್ದನ್ನು ಬಿಟ್ಟಿ ಕೊಟ್ಟ.
ಮೋಟಾರು ಮಾತ್ರ ದುಬಾರಿ:
ಜೋಳ ಬೀಸುತ್ತಿದ್ದ ಗಿರಣಿಯದು, ಫ್ಯಾನಿನ ರೆಕ್ಕೆಯಲ್ಲಿ ಇನ್ನೂ ಹಿಟ್ಟು.
ಒಡತಿ ಸಾವಿರದಿನ್ನೂರು ಸೇಡಿ ಎಂದಳು.
ಎರಡು ಮಚ್ಚು ಸೇರಿಸಿ ಒಂಬೈನೂರಕ್ಕೆ ಇಳಿಸಿದೆ.

ಬೆಸುಗೆ ಹಾಕಿದವಳು ತಂಗಿಯ ಮಗಳು ಸೆರ್ವಾ.
ಹದಿನೇಳು. ಕಣ್ಣಿಗೆ ಕಪ್ಪು ಗಾಜು, ಬಾಯಿಗೆ ಬೀಗವಿಲ್ಲ:
"ಮಾವಾ, ನಿನ್ನ ಗೆರೆ ಸೊಟ್ಟ, ತೂತು ಸೊಟ್ಟ,
ಚಕ್ರವೊಂದೇ ದುಂಡಗಿದೆ, ಅದು ನೀನು ಮಾಡಿದ್ದಲ್ಲ."

ಮೊದಲ ದಿನ ಯಂತ್ರ ಬಡಿಯಲಿಲ್ಲ, ನಡೆಯಿತು.
ಏಟಿಗೊಂದು ಗೇಣು ಬಾಗಿಲ ಕಡೆಗೆ,
ಸಂಬಳ ಸಿಗದ ಆಳಿನ ಹಾಗೆ.
ಕೆಂಕಿ ಮಾರುವ ಮುದುಕಿ ತಟ್ಟೆ ಎತ್ತಿಕೊಂಡು ಓಡಿದಳು.
ಕಾಂಕ್ರೀಟು ಸುರಿದು ಅದರ ಕಾಲು ಹೂತೆವು.
ಮೋಟಾರಿನ ಉರುಳೆ ಟೈರಿಗೆ ತಾಗಿದರೆ ಏಟು,
ಬಿಟ್ಟರೆ ಮೌನ. ನಡುವೆ ಇರುವುದೆಲ್ಲ
ಪೆಡಲಿನ ಮೇಲಿನ ಪಾದದ ಬುದ್ಧಿ.

ಆ ಬುದ್ಧಿ ನನಗೆ ಬರಲಿಲ್ಲ.
ಮಚ್ಚನ್ನು ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ
ಹನ್ನೊಂದು ಸಲ ಬಡಿದು ಮೊನೆಯನ್ನು ಬಾಳೆಲೆ ಮಾಡಿತ್ತು.
ಸಾಕು ಎನ್ನಲು ನಾನು
ಕಿರುಸುತ್ತಿಗೆಯಿಂದ ಅಡಿಗಲ್ಲಿನ ಅಂಚಿಗೆ ಎರಡು ಸಲ ತಟ್ಟುತ್ತೇನೆ,
ಟಿಣ್, ಟಿಣ್. ಹಳೆಯ ಚಾಳಿ.
ಅಂತ್ವಿಗೆ ಗೊತ್ತು ಅದು. ಮೋಟಾರಿಗೆ ಯಾರು ಕಲಿಸುವುದು?

ಮೂರನೆಯ ದಿನ ಹರ್ಮಟಾನಿನ ಧೂಳಿಗೆ ಕೆಮ್ಮುತ್ತ ಬಂದವನು
ಮಣೆ ಎಳೆದು ಕೂತ. ಚಪ್ಪಲಿ ಕಳಚಿದ.
ಏನೂ ಕೇಳಲಿಲ್ಲ. ಪಾದ ಇಟ್ಟ.

ಈಗ ದಿನಕ್ಕೆ ಇಪ್ಪತ್ತೆರಡು ಮಚ್ಚು, ಎಲ್ಲ ಕೋಕೋ ತೋಟಗಳಿಗೆ.
ಸೆರ್ವಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ:
ಇಕ್ಕಳಕ್ಕೆ ಒಂದು ಪಾಲು, ಕಾಲಿಗೆ ಒಂದು ಪಾಲು,
ಕರೆಂಟಿಗೆ ಅರ್ಧ, ಬೈದವಳಿಗೆ ಅರ್ಧ.

ಕರೆಂಟು ಹೋಗಿ ಬರುವುದಕ್ಕೆ ನಮ್ಮಲ್ಲಿ ಹೆಸರೇ ಇದೆ, ದುಮ್-ಸೊ.
ದುಮ್ ಅಂದರೆ ಆರು, ಸೊ ಅಂದರೆ ಹತ್ತು.
ಎಣಿಕೆಯಲ್ಲ, ದೀಪದ ಮಾತು.
ನಿನ್ನೆ ಸಂಜೆ ದುಮ್.
ಯಂತ್ರದ ತಲೆ ಅರ್ಧಕ್ಕೆ ನಿಂತಿತು, ಕಬ್ಬಿಣ ಇನ್ನೂ ಕಿತ್ತಳೆ.
ಅಂತ್ವಿ ಎದ್ದ. ಮೂಲೆಯ ಸಮ್ಮಟಿಗೆಯ ಹಿಡಿ
ಕತ್ತಲಲ್ಲೂ ಅವನ ಕೈಗೆ ಗೊತ್ತು.
ಕಿತ್ತಳೆ ಕೆಂಪಾಗುತ್ತಿತ್ತು, ಕೆಂಪು ಕಂದುತ್ತಿತ್ತು.
ನಾನು ಅಡಿಗಲ್ಲಿಗೆ ತಟ್ಟಿದೆ,
ಎರಡು ಸಲ.

ಅವನು ಮತ್ತೆ ಕೂತ.
ಸೆರ್ವಾ ಹೊರಗೆ ನಿಂತು ಯಾರನ್ನೋ ಬೈಯುತ್ತಿದ್ದಳು,
ಮೋಟಾರನ್ನೋ, ಸರ್ಕಾರವನ್ನೋ.