ಇನ್ನೆಷ್ಟು ಬಾಕಿ

ಏಳನೇ ನಂಬರಿನ ಯಂತ್ರ ಮತ್ತೆ ತೊದಲಿತು.
ತೆಮುಗೆಯ ಸಿಪಾಯಿ ಎತ್ತಿದ ಕಾಲು ಎತ್ತಿದಂತೆಯೇ ನಿಂತ,
ಗುಂಡು ಬಂದು ತಾಗಿತು.
"ದೆಲ್ಗೆರ್ಮಾ ಅಕ್ಕಾ, ನಿನ್ನ ಡಬ್ಬಾ ನನ್ನನ್ನ ಕೊಂದುಹಾಕಿತು!"
ರಾತ್ರಿ ಎರಡು ಗಂಟೆ. ಉಲಾನ್‌ಬಾತರಿನ ಒಂದು ನೆಲಮಾಳಿಗೆ.
ಮೇಲೆ ಬೀದಿಯಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ಇಲ್ಲಿ ಇಪ್ಪತ್ತೆರಡು ಪರದೆ, ಒದ್ದೆ ಬೂಟು, ನೂಡಲ್ಸಿನ ಹಬೆ,
ಗೋಡೆಯ ಥರ್ಮಾಮೀಟರಿನಲ್ಲಿ ಹತ್ತೊಂಬತ್ತು.

ಮೂರು ತಂತ್ರಾಂಶ ಹಾಕಿ ನೋಡಿದೆ.
ಹಸಿರು ಅಕ್ಷರದ್ದು ಎಪ್ಪತ್ತೊಂದು ಅಂದಿತು.
ಕಾರಿನ ಮೀಟರಿನಂತೆ ಮುಳ್ಳು ಕುಣಿಸುವುದು, ಎಂಬತ್ತೊಂದು.
ರಷ್ಯನ್ ಭಾಷೆಯದ್ದು, ಯಾವಾಗಲೂ ಸಮಾಧಾನಿ, ಅರವತ್ತಾರು.
ಒಂದೇ ಚಿಪ್, ಒಂದೇ ಕ್ಷಣ,
ಒಂದೇ ಮಗುವಿನ ಹಣೆ ಮುಟ್ಟಿದ ಮೂವರು...
ಬೇಡ, ಹಣೆಯ ಹೋಲಿಕೆ ಬೇಡ.
ಇವರಾರೂ ಮುಟ್ಟಿಯೇ ಇಲ್ಲ; ಅದು ಆಮೇಲೆ ಗೊತ್ತಾಯಿತು.

ಕಾವಲಿಗೆ ಕೂರುವ ಚುಲೂನ್ ಅಜ್ಜ ಸ್ಟೂಲು ಎಳೆದುಕೊಂಡು ಬಂದ.
ಮೂವತ್ತು ವರ್ಷ ಕಲ್ಲಿದ್ದಲ ಸ್ಥಾವರದಲ್ಲಿ ಬಾಯ್ಲರ್ ಕಾದವನು.
"ನಮ್ಮಲ್ಲೂ ಮೂರು ಮೀಟರಿದ್ದವು.
ನಡುವಿನದನ್ನು ನಂಬಿ ಅಂದ ಫೋರ್‌ಮನ್. ನಂಬಿದೆವು.
ಒಂದು ಚಳಿಗಾಲ ಪೂರಾ ಕೆಟ್ಟು ನಿಂತಿದ್ದು ಆ ನಡುವಿನದೇ."
ಅಷ್ಟು ಹೇಳಿ ಉಪ್ಪು ಚಹಾ ಹೀರಿದ.
ಅವನ ಎಡಗೈಯ ಎರಡು ಬೆರಳಿಗೆ ಉಗುರಿಲ್ಲ.

ಹಾಗಾದರೆ ನಾಲ್ಕನೆಯ ಸಾಕ್ಷಿ:
ಸಂತೆಯಲ್ಲಿ ಚೌಕಾಸಿ ಮಾಡಿ ತಂದ, ತಂತಿಯ ತುದಿಯ ಪುಟ್ಟ ಶಾಖಮಾಪಕ.
ಮೊದಲು ಅದನ್ನೇ ಪರೀಕ್ಷಿಸಬೇಡವೇ?
ಮೆಟ್ಟಿಲ ಮೇಲಿನ ಹಿಮ ಲೋಟಕ್ಕೆ ತುಂಬಿ, ಅರ್ಧ ಕರಗಿದ ಮೇಲೆ
ಅದ್ದಿದೆ: ಸೊನ್ನೆ. ಭೇಷ್.
ಕುದಿಯುವ ಕೆಟಲಿಗೆ ಅದ್ದಿದೆ: ತೊಂಬತ್ತೈದೂವರೆ.
ಥೂ, ಇದೂ ಸುಳ್ಳಾಡುತ್ತೆ ಎಂದು ಎಸೆಯಹೋದರೆ
ಅಜ್ಜ ಕೈ ಹಿಡಿದ:
"ಈ ಊರಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ, ಮಗಳೇ.
ನಾವಿರೋದು ಅಷ್ಟು ಎತ್ತರದಲ್ಲಿ.
ಪುಸ್ತಕದ ನೂರು ಸಮುದ್ರದ ಪಕ್ಕದವರದು."
ನಾನು ಸಮುದ್ರ ಕಂಡವಳಲ್ಲ.

ತಂತಿಯನ್ನು ಶಾಖ ಹೀರುವ ಲೋಹದ ಬುಡಕ್ಕೆ ಅಂಟಿಸಿದೆ. ಐವತ್ತೆಂಟು.
ಅದು ಚರ್ಮದ ಮಾತು, ಒಡಲಿನದಲ್ಲ.

ಬೆಳಗಿನ ಜಾವ, ಹುಡುಗರು ಹೋದ ಮೇಲೆ, ಕೈಪಿಡಿ ತೆರೆದೆ.
ಚಿಪ್ ತಾನೆಷ್ಟು ಬಿಸಿ ಎಂದು ಯಾರಿಗೂ ಹೇಳುವುದಿಲ್ಲವಂತೆ.
ತನ್ನ ಮಿತಿಗೆ ಇನ್ನೆಷ್ಟು ಬಾಕಿ, ಅಷ್ಟೇ ಹೇಳುತ್ತದೆ.
ಆ ಹೊತ್ತು ಹೇಳಿದ್ದು ಇಪ್ಪತ್ತೊಂಬತ್ತು.
ಮೂವರೂ ಕೇಳಿಸಿಕೊಂಡದ್ದು ಅದನ್ನೇ;
ಒಬ್ಬ ನೂರರಿಂದ ಕಳೆದ, ಒಬ್ಬ ನೂರಹತ್ತರಿಂದ,
ಸಮಾಧಾನಿ ತೊಂಬತ್ತೈದರಿಂದ.
ಕೇಳಿದ್ದು ನಿಜ. ಕಳೆದದ್ದು ಊಹೆ.

ಖಾಲಿ ಕೂತ ಯಂತ್ರಕ್ಕೆ ಸಮಾಧಾನಿ ಹದಿನಾಲ್ಕು ತೋರಿಸುತ್ತಿದ್ದ.
ಕೋಣೆಯೇ ಹತ್ತೊಂಬತ್ತು! ಬರೀ ಫ್ಯಾನಿನ ಗಾಳಿಗೆ ಅಷ್ಟು ತಂಪು ಎಲ್ಲಿಂದ?
ಕೈಪಿಡಿಯಲ್ಲಿ ಅದಕ್ಕೂ ಒಂದು ಸಾಲಿತ್ತು:
ತಣ್ಣಗಿರುವಾಗ ಇದರ ಮಾತನ್ನು ಹೆಚ್ಚು ನಂಬಬೇಡಿ,
ಅಂಚಿಗೆ ಬಂದಾಗ ತಪ್ಪುವುದು ಕಡಿಮೆ.
ಓದಿ ನಕ್ಕೆ. ನನಗೂ ಇಂಥ ನೆಂಟರಿದ್ದಾರೆ.

ಮರುರಾತ್ರಿ ತೆಮುಗೆಯ ಬೆನ್ನ ಹಿಂದೆ ನಿಂತು ಬಾಕಿಯನ್ನಷ್ಟೇ ನೋಡಿದೆ.
ಇಪ್ಪತ್ತೊಂಬತ್ತು. ಹನ್ನೆರಡು. ಮೂರು.
ಸೊನ್ನೆ.
ಸಿಪಾಯಿ ಕಾಲೆತ್ತಿ ನಿಂತ.
ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ತುಂಬ ಉಣ್ಣೆ,
ಬಂದುಹೋದವರ ಕುರಿಚರ್ಮದ ಕೋಟುಗಳಿಂದ ಉದುರಿದ್ದು,
ಹಿಡಿತುಂಬ, ಬೆಚ್ಚಗೆ, ಈಗಷ್ಟೇ ಹಕ್ಕಿ ಎದ್ದುಹೋದ ಗೂಡಿನಂತೆ.

ಈಗ ಏಳನೇ ಪೆಟ್ಟಿಗೆಯ ಮೇಲೆ ಟೇಪು ಅಂಟಿಸಿ ಬರೆದಿದ್ದೇನೆ:
ಬಾಕಿ ನಲವತ್ತನಾಲ್ಕು. ದಿನವೂ ತಿದ್ದುತ್ತೇನೆ.
ಬಿಸಿ ಎಷ್ಟೆಂದು ಬರೆದಿಲ್ಲ. ಗೊತ್ತಿಲ್ಲ.
ಚುಲೂನ್ ಅಜ್ಜ ಕೆಮ್ಮುತ್ತ ಬಂದು, ಓದಿ,
"ನನಗೂ ಒಂದು ತುಂಡು ಟೇಪು ಕೊಡು" ಅಂದ.
ಕೊಟ್ಟೆ.
ಏನು ಬರೆದನೋ, ಕೋಟಿನ ಒಳಜೇಬಿಗೆ ಅಂಟಿಸಿಕೊಂಡ.