ಬೀಟ್ ಹನ್ನೊಂದು

ಸೈಕಲ್ಲು ನನಗೆ ಯಾರೂ ಕಲಿಸಬೇಕಿಲ್ಲ.
ಹದಿನಾರು ವರ್ಷ, ಹೆಗಲಲ್ಲಿ ಚೀಲ,
ಗುತ್ತಲು ರಸ್ತೆಯ ಏರು ಮೊಣಕಾಲಿಗೆ ಬಾಯಿಪಾಠ.
ಓಟವೂ ಅಷ್ಟೆ. ಚಾಮುಂಡೇಶ್ವರಿ ನಗರದ ನಾಯಿಗಳು
ಮೊದಲೇ ತಯಾರು ಮಾಡಿವೆ.
ನೀರು ಮಾತ್ರ
ವಿಳಾಸ ಅಳಿಸಿಹೋದ ಕಾಗದ.

ಅರ್ಜಿಯಲ್ಲಿ 'ಹಿಂದಿನ ಅನುಭವ' ಅಂತ ಒಂದು ಖಾನೆ.
'ಅಂಚೆ' ಎಂದು ಬರೆದೆ.

ಬೆಳಗಿನ ಐದೂವರೆ, ಕೊಳದ ಮೆಟ್ಟಿಲು,
ನಲವತ್ತೊಂದರ ನಾನು ಕಂಬಿ ಹಿಡಿದು ನಿಂತರೆ
ಒಂಬತ್ತು ವರ್ಷದ ಇಬ್ಬನಿ ಪಕ್ಕದಲ್ಲೇ ಜಾರಿ
ಆಚೆ ಗೋಡೆ ಮುಟ್ಟಿ ಬಂದು ಕೇಳುತ್ತಾಳೆ:
"ಆಂಟಿ, ಇನ್ನೂ ಇಳಿದಿಲ್ವಾ?"

ಚಲುವಯ್ಯನವರು ಅಗ್ನಿಶಾಮಕದಿಂದ ನಿವೃತ್ತರು.
"ಉಸಿರು ಗಂಟು ಕಟ್ಟಬ್ಯಾಡ ಕಣವ್ವ, ನೀರೊಳಗೇ ಬಿಡು,
ಮಡಕೆ ಒಳಗೆ ಬಾಯಿಟ್ಟು ಮಾತಾಡ್ದಂಗೆ."
ಏನು ಮಾತಾಡಲಿ? ನನಗೆ ಬರುವುದು ಬೀಟಿನ ಮನೆಗಳು:
ನಿಂಗಾಜಮ್ಮ. ಟೈಲರ್ ಖಲೀಲ್. ಡಿಸೋಜ ಟೀಚರ್.
ಹೆಸರಿಗೊಂದು ಗುಳ್ಳೆ.
ನಾಲ್ಕನೇ ಮನೆಗೆ ಮೂಗು ತುಂಬಿತು.
ಆಷಾಢ ಕಳೆಯುವಷ್ಟರಲ್ಲಿ ಒಂಬತ್ತನೇ ಮನೆ, ನೀಲಿ ಗೇಟು.

ಹಗಲು ಕಾಗದ ಕೊಡುವಾಗ
ನಿಂಗಾಜಮ್ಮ ನನ್ನ ಮುಖವನ್ನೇ ನೋಡುತ್ತಾಳೆ.
ಕಣ್ಣ ಸುತ್ತ ಕನ್ನಡಕದ ಬಳೆಗುರುತು.
"ಏನವ್ವಾ, ರಾತ್ರಿಯೆಲ್ಲಾ ಅತ್ತಿದ್ಯಾ?"
ನಿನ್ನ ಹೆಸರು ಕೂಗುತ್ತಿದ್ದೆ, ನೀರಿಗೆ,
ಅನ್ನಲಿಲ್ಲ. ಪೆನ್ಷನ್ ಎಣಿಸಿ ಕೊಟ್ಟೆ.

ಭಾನುವಾರ ಪಾಂಡವಪುರದವರೆಗೆ ಹೋಗಿ ಬರುವುದು.
ಕಬ್ಬಿನ ಗಾಡಿಗಳ ಸಾಲು, ಎದುರು ಗಾಳಿಯಲ್ಲಿ ಮಡ್ಡಿ ವಾಸನೆ.
ಇಳಿದ ಕೂಡಲೇ ಓಡಬೇಕಂತೆ.
ಇಳಿದೆ. ಕಾಲೆರಡೂ
ಬೇರೆ ಯಾರಿಗೋ ಬಂದ ಪಾರ್ಸಲ್ಲು,
ತಪ್ಪಿ ನನ್ನ ಬಾಗಿಲಿಗೆ ಇಳಿಸಿ ಹೋಗಿದ್ದಾರೆ.
ಕಲ್ಲಹಳ್ಳಿ ತಿರುವಿನವರೆಗೆ ಹೊತ್ತುಕೊಂಡೇ ಓಡಿದೆ.

ಮಂಗಳವಾರ, ಹದಿನೇಳನೇ ಮನೆಯ ಹೆಸರು ಬಾಯಲ್ಲಿರುವಾಗ
ಬೆರಳ ಗೆಣ್ಣಿಗೆ ಏನೋ ಬಡಿಯಿತು.
ಗೋಡೆ.
ಇಬ್ಬನಿ ಚಪ್ಪಾಳೆ ತಟ್ಟಲಿಲ್ಲ.
"ಈಗ ವಾಪಸ್ ಹೋಗ್ಬೇಕು" ಅಂದಳು.

ಅದೇ ವಾರ ಶೂ ಬಂತು,
ನನ್ನದೇ ಬೀಟಿಗೆ, ನನ್ನದೇ ಹೆಸರಿಗೆ.
ಸಾರ್ಟಿಂಗಿನ ಮಾದೇಗೌಡ ಡಬ್ಬ ಅಲ್ಲಾಡಿಸಿ
"ಬಾಗಿಲು ಹಾಕಿದೆ ಅಂತ ಬರೆದು ಹಿಂದಕ್ಕೆ ಕಳಿಸ್ಲಾ?
ಇನ್ನೂ ಟೈಮಿದೆ ನಿಂಗೆ" ಅಂದ.
ತಲುಪಿಸಿದವರು: ಸಹಿ ಹಾಕಿದೆ.
ಪಡೆದವರು:
ಅಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಹದಿನಾರು ವರ್ಷದಲ್ಲಿ ಆ ಗೆರೆಯ ಮೇಲೆ
ನನ್ನ ಕೈ ಬರೆದದ್ದು ಅದೇ ಮೊದಲು.

ಒಂದು ನಂಬರು ದೊಡ್ಡದು ಶೂ. ತುದಿಗೆ ಹತ್ತಿ ತುರುಕಿದೆ.
ಎರಡು ಬೀದಿ ಕಾಗದ ಹಂಚಿದ ಮೇಲೆ ಗೊತ್ತಾಯಿತು,
ಎಡಗಾಲಿಗೆ ಹತ್ತಿ ಬೇಡ.