ಕತ್ತಲೆಯ ಲೆಕ್ಕ

ಮಾಣಿಕಟ್ಟೆಯಾಚೆ ಶೆಟ್ಲಿ ಹೊಂಡದ ಕಾವಲು ನನ್ನದು.
ಸಂಜೆ ಆರೂವರೆಗೆ ಗುಂಡಿ ಒತ್ತಿದರೆ
ಕಂಬದ ತುದಿಯ ದೀಪ ಬೆಳಗಿನ ತನಕ
ಕಳ್ಳರನ್ನೂ ನೀರುನಾಯಿಯನ್ನೂ ದೂರ ಇಡುತ್ತದೆ.
ನಿದ್ದೆಯನ್ನೂ.

ಒಡ್ಡಿನ ಈಚೆ ಮಂಕಾಳಿ ಪಟಗಾರಳ ಗಜನಿ,
ಉಪ್ಪುನೀರಿಗೂ ಜಗ್ಗದ ಕಗ್ಗದ ಭತ್ತ.
ನವರಾತ್ರಿಯ ಮೂರನೇ ದಿನ
ಮೊಣಕಾಲ ತನಕ ಕೆಸರು ಹೊತ್ತು ಬಂದಳು:
"ಜಟ್ಟಿ, ಎಲ್ಲಾ ಕಡೆ ಹೊಡೆ ಹಾಯ್ದು ಕದಿರು ಬಂತು,
ನಿನ್ನ ಕಂಬದ ಬುಡದ್ದು ಮಾತ್ರ ಹುಲ್ಲಾಗೇ ನಿಂತದೆ.
ಎಂತ ಹೊಯ್ದೆ ಅದಕ್ಕೆ?"

ಔಷಧಿ, ಡೀಸೆಲ್ಲು, ಹೊಂಡದ ಕೊಳೆನೀರು,
ಒಂದೊಂದಾಗಿ ಕೇಳಿದಳು.
ಒಂದೊಂದಕ್ಕೂ ಆಣೆ ಇಟ್ಟೆ.

ಆ ರಾತ್ರಿ ಒಡ್ಡು ಹತ್ತಿ ನೋಡಿದೆ.
ಕದಿರಿಲ್ಲದ ಹಸಿರಿಗೆ ಒಂದು ಅಂಚಿತ್ತು,
ಕುಡಗೋಲಿನ ಹಾಗೆ ಬಾಗಿದ್ದು.
ನನ್ನ ಬೆಳಕು ಎಲ್ಲಿ ಮುಗಿಯುತ್ತದೋ
ಅಲ್ಲೇ ಮುಗಿದಿತ್ತು.
ಹೊಯ್ದದ್ದು ಇದನ್ನೇ ಮಾರಾಯ್ತಿ,
ಮಳೆ ಹಿಡಿದಾಗಿನಿಂದ, ರಾತ್ರಿಯಿಡೀ.

ಪೈರು ಬಿಸಿಲನ್ನು ಎಣಿಸುತ್ತದೆ ಅಂದುಕೊಂಡಿದ್ದೆ.
ಅದು ಎಣಿಸುವುದು ಇರುಳನ್ನು.
ಎಲೆಯೊಳಗೆ ಯಾರೋ ಕೂತು
ಚವತಿಯಿಂದೀಚೆಗೆ ಎಳ್ಳೆಳ್ಳಷ್ಟೇ ಉದ್ದವಾಗುವ ಕತ್ತಲನ್ನು
ಗೆಣ್ಣು ಗೆಣ್ಣು ಮುಟ್ಟಿ ಲೆಕ್ಕ ಹಿಡಿದು
ಸಾಕಷ್ಟಾಯಿತು ಅನಿಸಿದ ದಿನ
ಸುಳಿಗೆ ಹೇಳಿಕಳಿಸುತ್ತಾರೆ:
ಎಲೆ ಸಾಕು, ಇನ್ನು ಹೂ ಹಿಡಿ.
ಕಂಬದ ಬುಡದಲ್ಲಿ ಎಣಿಸಲು ಕೂತವನು
ಇನ್ನೂ ಸಂಜೆಯೇ ಎಂದುಕೊಂಡು
ಒಂದು ಎನ್ನದೆ ಕಾಯುತ್ತಿದ್ದ.

ಧಣಿಗೆ ಹೇಳಲಿಲ್ಲ. ಹಳೆಯ ಬಣ್ಣದ ಡಬ್ಬಿ ಸೀಳಿ
ಗಜನಿಯ ಬದಿಗೆ ದೀಪಕ್ಕೊಂದು ರೆಪ್ಪೆ ಕಟ್ಟಿದೆ.

ದೀವಳಿಗೆ ಕಳೆದು ಊರೆಲ್ಲ ಕೊಯ್ದಾಗಿತ್ತು.
ಆಮೇಲೆ ಬಂತು ಅದರ ಕದಿರು, ಗಿಡ್ಡ, ಬಿಳಿಚಿಕೊಂಡು.
ಇಡೀ ಬಯಲಿಗೆ ಅದೊಂದೇ ನಿಂತದ್ದು,
ಅಘನಾಶಿನಿಯ ಆಚೆ ದಡದ ಹಕ್ಕಿಗಳೂ ಅಲ್ಲೇ ಇಳಿದವು.
ಮಂಕಾಳಿ ಹಾಳೆಟೊಪ್ಪಿ ಬೀಸಿ ಬೀಸಿ ಸೋತು,
"ಮೂರು ಕೊಳಗ ನಿನ್ನ ಹೆಸರಿಗೆ ಬರೆದಿದ್ದೇನೆ" ಅಂದಳು.
ನಗುತ್ತಿದ್ದಳೋ ಇಲ್ಲವೋ
ಹೊತ್ತು ಮುಳುಗಿತ್ತು, ಕಾಣಲಿಲ್ಲ.

ಈಗ ಕುರ್ಚಿಯನ್ನು ಡಬ್ಬಿಯ ನೆರಳಿಗೆ ಎಳೆದಿದ್ದೇನೆ.
ಹೊಂಡದಲ್ಲಿ ಶೆಟ್ಲಿ ಚಿಮ್ಮುವುದು ಕೇಳುತ್ತದೆ.
ಒಂಬತ್ತು ವರ್ಷದ ಮೇಲೆ, ಮೊನ್ನೆ,
ನಡುರಾತ್ರಿ ಎರಡಕ್ಕೆ
ಒಂದು ಆಕಳಿಕೆ ಬಂತು.